ಮಿಷನ್ ಗಂಗಮ್ಮ ಕಡಲು ನೋಡಲು ಹೋದದ್ದು

ಗುಬ್ಬಿಯಲ್ಲಿ ಸಿದ್ದಗಂಗಮ್ಮನ ಮನೆ ಎಲ್ಲಿ ಎಂದರೆ ಯಾರೂ ಹೇಳಲಾರರು. ಮಿಷನ್ ಗಂಗಮ್ಮನ ಮನೆ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವವರೂ ಕೈ ತೋರಿಸುತ್ತಾರೆ. ಗಂಡ ಪರಮಶಿವಯ್ಯ ತೀರಿಕೊಂಡಾಗ ಅವನು ನಡೆಸುತ್ತಿದ್ದ ಹಿಟ್ಟಿನ ಮಿಷನ್ನನ್ನು ಮಾರಿಬಿಡು ಎಂದು ಕುಣಿಗಲ್ಲಿನಿಂದ ಅಣ್ಣ ಬಂದು ಕೂತಿದ್ದ.

"ಹೆಂಗಸು ಬೆಲ್ಟ್ ಏರಿಸೋಕಾಗುತ್ತೇನಮ್ಮ?" ಎಂದ.

"ಬೆಲ್ಟು ನನ್ ಮಾತು ಕೇಳುತ್ತೆ ಬುಡಣ್ಣ. ಕೇಳ್ದೇ ಇರೋರು ನೀವು" ಎಂದಳು. ಅಣ್ಣ ಕಾಫಿ ಕುಡಿದು ಎದ್ದು ಹೋದ.

ಅವತ್ತಿನಿಂದ ಇವತ್ತಿನವರೆಗೆ ಊರಿನ ಅರ್ಧ ಮನೆಗಳ ರಾಗಿ ಅವಳ ಕೈಯಲ್ಲೇ ಹಿಟ್ಟಾಗಿದೆ. ಕೂದಲು ಹಣ್ಣಾಗುವ ಮೊದಲೇ ಹಿಟ್ಟಿನಿಂದ ಬೆಳ್ಳಗಾಗಿತ್ತು, ಆಮೇಲೆ ಯಾವಾಗ ನಿಜವಾಗಿ ಬೆಳ್ಳಗಾಯಿತೋ ಅವಳಿಗೇ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಬೆಳಗಿನ ಹೊತ್ತು ಮಾತ್ರ ಮಿಷನ್ ಓಡಿಸುತ್ತಾಳೆ. ಹೊತ್ತಿಗೆ ಸರಿಯಾಗಿ ಏನಾದರೂ ಹೊಟ್ಟೆಗೆ ಬೀಳದಿದ್ದರೆ ಕಣ್ಣು ಕತ್ತಲಿಡುತ್ತದೆ.

ಅಷ್ಟು ಧೂಳಿನ ನಡುವೆ ಅವಳು ಜೋಪಾನ ಮಾಡಿಕೊಂಡು ಬಂದದ್ದು ಒಂದೇ, ಎದೆಯ ಮೇಲಿನ ಕರಡಿಗೆ. ಬೆಳ್ಳಿಯ ಪುಟ್ಟ ಡಬ್ಬಿ, ಒಳಗೆ ಅವಳ ಇಷ್ಟಲಿಂಗ. ಕೂಸಾಗಿದ್ದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೂ ಮೈಮೇಲಿರಬೇಕು. ಅದು ಮೈಬಿಟ್ಟರೆ ಮತ್ತೆ ಬಂದು ಸೇರುವ ತನಕ ಒಂದು ಗುಟುಕು ನೀರೂ ಗಂಟಲಿಗೆ ಇಳಿಯಬಾರದು. ಅಜ್ಜಿ ಹಾಗೆ ಹೇಳಿದ್ದಳು, ಗಂಗಮ್ಮ ಹಾಗೇ ನಡೆದಿದ್ದಳು. ಈಗಿನವರು ಅಷ್ಟು ಬಿಗಿಯಲ್ಲ. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗ ಉದಯಕುಮಾರ, ದಾರ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆಂದು ತನ್ನದನ್ನು ದೇವರ ಗೂಡಿನಲ್ಲಿಟ್ಟಿದ್ದ. ಗಂಗಮ್ಮ ಅದಕ್ಕೆ ಬೈದವಳಲ್ಲ. "ನಿನ್ ಲಿಂಗಕ್ಕೂ ನಾನೇ ನೀರೆರೀತೀನಿ. ಕೈ ಬೆರಳು ಜೋಪಾನ ಕಣಪ್ಪ" ಎನ್ನುತ್ತಿದ್ದಳು.

ಅವಳು ಕಡಲು ಕಂಡಿರಲಿಲ್ಲ. ಈ ಸಲ ರಜೆ ಸಿಕ್ಕಿದಾಗ ಮಗ, ಸೊಸೆ ರೂಪಶ್ರೀ ಇಬ್ಬರೂ ಅವಳನ್ನು ಮಂಗಳೂರಿಗೆ ಹೊರಡಿಸಿದರು. ಹೊರಡುವ ವಾರವೆಲ್ಲ ರೂಪಶ್ರೀ ಮೊಬೈಲಿನಲ್ಲಿ ಕಳ್ಳರ ವೀಡಿಯೋಗಳನ್ನೇ ನೋಡಿದಳು.

"ಅತ್ತೆ, ಟೂರಿಗೆ ಬಂದೋರು ಯಾರು ಅಂತ ಕಳ್ರಿಗೆ ನೋಡಿದ್ ತಕ್ಷಣ ಗೊತ್ತಾಗುತ್ತಂತೆ."

"ಹೆಂಗೇ? ನಮ್ ಹಣೆ ಮೇಲೆ ಊರ ಹೆಸ್ರು ಬರ್ದಿರುತ್ತಾ?"

"ನಗ್ಬೇಡಿ. ರಶ್ಶಿರೋ ಬಸ್ಸಲ್ಲಿ ಬ್ಲೇಡ್ ಹಾಕ್ತಾರಂತೆ."

ಅತ್ತೆಯ ಸರ ಬಿಚ್ಚಿಸಿದಳು, ಓಲೆ ಬಿಚ್ಚಿಸಿದಳು, ತನ್ನ ಬಳೆಗಳನ್ನೂ ತೆಗೆದು ಎಲ್ಲವನ್ನೂ ಗುಬ್ಬಿಯ ಬೀರುವಿನಲ್ಲೇ ಬೀಗ ಹಾಕಿ ಇಟ್ಟಳು. ಗಂಡನ ಪರ್ಸನ್ನು ಮುಂದಿನ ಜೇಬಿಗೆ ಹಾಕಿಸಿ ಜೇಬಿನ ಬಾಯಿಗೆ ಪಿನ್ನು ಚುಚ್ಚಿದಳು. "ದುಡ್ ಬೇಕು ಅಂದ್ರೆ ಪ್ಯಾಂಟೇ ಬಿಚ್ಬೇಕು ಈಗ" ಎಂದು ಉದಯಕುಮಾರ ಗೊಣಗಿದ. ಮಂಗಳೂರಿನ ಲಾಡ್ಜಿನಲ್ಲಿ ಸ್ನಾನ, ಲಿಂಗಪೂಜೆ, ತಿಂಡಿ ಎಲ್ಲ ಮುಗಿಸಿ ಬೀಚಿಗೆ ಹೊರಟು ನಿಂತಾಗ ರೂಪಶ್ರೀಯ ಕಣ್ಣು ಕರಡಿಗೆಯ ಮೇಲೆ ಬಿತ್ತು.

"ಅದೂ ಬೆಳ್ಳೀನೇ ಅಲ್ವಾ ಅತ್ತೆ. ರೂಮಲ್ಲೇ ಇಟ್ಟು ಬೀಗ ಹಾಕೋಣ್ವಾ?"

"ಇದು ಒಡವೆ ಅಲ್ಲ ಕಣೇ. ನಾನಿರೋ ಕಡೆ ಇದು, ಇದಿರೋ ಕಡೆ ನಾನು."

"ಹಂಗಾದ್ರೆ ಮೇಲೆ ಕೈ ಇಟ್ಕೊಂಡೇ ಇರಿ. ಮರೀಬೇಡಿ."

ಗಂಗಮ್ಮ ಮರೆಯಲಿಲ್ಲ. ತಪ್ಪಾದದ್ದೇ ಅಲ್ಲಿ. ಮೊದಲೇ ಲಿಂಗ ಕಟ್ಟಿದ ಜನಕ್ಕೆ ಭಯವಾದರೆ ಕೈ ಅದರ ಮೇಲೆ ಹೋಗುತ್ತದೆ. ಬಸ್ಸು ಕುಲುಕಿದರೂ ಅಷ್ಟೆ, ಯಾರಾದರೂ ಕೆಮ್ಮಿದರೂ ಅಷ್ಟೆ. ಸಿಟಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ರೈವರ್ ಬ್ರೇಕ್ ಒತ್ತಿದಾಗಲೆಲ್ಲ ಅವಳ ಅಂಗೈ ಸೆರಗಿನ ಮೇಲಿಂದ ಎದೆಗೆ ಹೋಗಿ ಕೂರುತ್ತಿತ್ತು. ಇಂಥದ್ದನ್ನು ನೋಡಲೆಂದೇ ಬಸ್ಸು ಹತ್ತುವವನಿಗೆ ಇಲ್ಲಿ ನೋಡು, ಇಲ್ಲಿದೆ ಎಂದು ಕರೆದು ತೋರಿಸಿದಂತಾಯಿತು.

ತೆಳ್ಳಗಿನ ಯುವಕನೊಬ್ಬ ಎದ್ದು ತನ್ನ ಸೀಟು ಕೊಟ್ಟ.

"ಕೂತ್ಕೊಳ್ಳಿ ಅಮ್ಮ."

"ಪುಣ್ಯಾತ್ಮ, ನಿನ್ ಹೊಟ್ಟೆ ತಣ್ಣಗಿರ್ಲಿ" ಎಂದಳು ಗಂಗಮ್ಮ. ಮಗ, ಸೊಸೆ ಹಿಂದೆ ನೂಕುನುಗ್ಗಲಿನಲ್ಲಿದ್ದರು. ಅವನು ಕಂಬಿ ಹಿಡಿದು ಅವಳ ಮೇಲೆ ಬಾಗಿ ನಿಂತ. ಬಸ್ಸು ಒಂದು ಸೇತುವೆ ಹತ್ತಿತು. ಕಿಟಕಿಯಾಚೆ ಕಣ್ಣು ಹರಿಯುವಷ್ಟು ದೂರ ನೀರು. ಗಂಗಮ್ಮ ಎದ್ದೇಬಿಟ್ಟಳು. ಎದೆಯ ಮೇಲಿದ್ದ ಕೈಯನ್ನು ತೆಗೆದು ನೀರಿನ ಕಡೆ ಚಾಚಿದಳು.

"ಅದೇನಾ ಸಮುದ್ರ?"

"ಅಲ್ಲ ಅಮ್ಮ, ಇದು ಹೊಳೆ. ಸಮುದ್ರ ಮುಂದೆ ಉಂಟು, ಅಲ್ಲಿ ನೋಡಿ" ಎಂದು ಆ ಯುವಕ ಅವಳ ಭುಜದ ಮೇಲಿಂದ ತಾನೂ ಕೈ ತೋರಿಸಿದ. ಸೇತುವೆ ದಾಟಿದ ಕೂಡಲೇ ಇಳಿದು ಹೋದ.

ಬೀಚು ತಲುಪಿ ಉದಯಕುಮಾರ ಎಳನೀರು ಕೊಡಿಸಿದ. ನೀರು ಬಾಯಿಗಿಡುವ ಮುನ್ನ ಲಿಂಗ ಮುಟ್ಟಿಕೊಳ್ಳುವುದು ಅವಳ ವಾಡಿಕೆ. ಕೈಗೆ ದಾರದ ತುದಿ ಸಿಕ್ಕಿತು. ಭಾರ ಸಿಗಲಿಲ್ಲ. ಸೆರಗು ಸರಿಸಿ ನೋಡಿದಳು. ಕರಡಿಗೆ ಕಟ್ಟಿದ್ದ ಶಿವದಾರವನ್ನು ಯಾರೋ ನೀಟಾಗಿ ಕತ್ತರಿಸಿದ್ದರು. ಎಳನೀರನ್ನು ಮೆಲ್ಲಗೆ ಮರಳಿನ ಮೇಲಿಟ್ಟಳು.

"ಏನಾಯ್ತಮ್ಮ?"

"ಲಿಂಗ ಹೋಯ್ತು ಕಣೋ."

ಎದುರಿಗೆ ಇಡೀ ಕಡಲು ಬಂದು ಬಂದು ಮರಳಿಗೆ ಬಡಿಯುತ್ತಿತ್ತು. ಗಂಗಮ್ಮ ಅದರ ಕಡೆ ನೋಡಲಿಲ್ಲ.

ಪೊಲೀಸ್ ಚೌಕಿಯಲ್ಲಿದ್ದ ಪೇದೆ ಒಳ್ಳೆಯವನು. ಕುರ್ಚಿ ಕೊಟ್ಟ, ನೀರು ಕೊಟ್ಟ. ಅವಳು ನೀರು ಮುಟ್ಟಲಿಲ್ಲ. "ಬೆಳ್ಳಿ ಎಷ್ಟು ತೂಕದ್ದು?" ಎಂದು ಕೇಳಿದ.

"ಬೆಳ್ಳಿ ಹಾಳಾಗ್ ಹೋಗ್ಲಿ ಸ್ವಾಮಿ. ಒಳಗಿರೋದು ಸಿಕ್ಕಿದ್ರೆ ಸಾಕು. ಕಪ್ಪಗೆ, ಕೋಳಿಮೊಟ್ಟೆಗಿಂತ ಚಿಕ್ಕದು."

"ಅದು ಅವರಿಗೆ ಬೇಡ ಅಮ್ಮ. ಪರ್ಸ್ ಕದ್ದರೂ ಅಷ್ಟೆ, ದುಡ್ಡು ತೆಗೆದು ಪರ್ಸನ್ನು ಇಳಿದ ಕಡೆಯೇ ಎಲ್ಲಾದರೂ ಬಿಸಾಡುವುದು" ಎಂದ ಪೇದೆ.

ಹೊರಗೆ ಬಂದ ಮೇಲೆ ಉದಯಕುಮಾರನ ತಾಳ್ಮೆ ತಪ್ಪಿತು.

"ನೋಡಮ್ಮ, ಈಗ್ಲೇ ಹೊರಟ್ರೆ ಸಂಜೆ ಹೊತ್ಗೆ ತುಮಕೂರು. ಮಠದಲ್ಲಿ ಸ್ವಾಮಿಗಳ ಕೈಲಿ ಇನ್ನೊಂದು ಕಟ್ಟಿಸ್ಕೊಳೋಣ. ಅಲ್ಲೀವರೆಗೆ ಏನಾದ್ರೂ ತಿನ್ನು. ತಲೆ ತಿರುಗಿ ಬಿದ್ಗಿದ್ದೀಯ."

"ಸಂಜೆವರ್ಗೂ ಇರ್ತೀನಿ ಬುಡು."

"ನಿನ್ ಶುಗರ್ ಇರಲ್ಲಮ್ಮ!"

ರೂಪಶ್ರೀ ಅಳುತ್ತಿದ್ದಳು. "ನಾನೇ ಕೈ ಇಟ್ಕೊಳಿ ಅಂದಿದ್ದು. ಅದಕ್ಕೇ ಅವನಿಗೆ ಗೊತ್ತಾಯ್ತು."

"ನೀನು ಹೇಳ್ದೇ ಇದ್ರೂ ನನ್ ಕೈ ಅಲ್ಲೇ ಇರೋದು. ಕಣ್ಣೊರ್ಸ್ಕೊ" ಎಂದಳು ಗಂಗಮ್ಮ. ಆಗಲೇ ನಾಲಿಗೆ ಅಂಟುತ್ತಿತ್ತು. "ಉದಯ, ನಂಗೆ ಸೀಟು ಕೊಟ್ಟೋನು ಸೇತುವೆ ದಾಟಿದ್ ಮೇಲೆ ಇಳ್ದ. ಆ ಸ್ಟಾಪ್ ನೋಡ್ಕೊಂಡು ಬರೋಣ. ಅಲ್ಲೂ ಇಲ್ಲ ಅಂದ್ರೆ ನೀನು ಹೇಳ್ದಂಗೆ ಊರಿಗೆ ಹೋಗೋಣ."

"ಸೀಟು ಕೊಟ್ಟೋನಾ? ನೀನು ಅವನಿಗೆ ಆಶೀರ್ವಾದ ಬೇರೆ ಮಾಡ್ದೆ!"

"ಮಾಡಿದ್ದು ಮಾಡಾಯ್ತು. ವಾಪಸ್ ಇಸ್ಕೊಳೋಕಾಗುತ್ತಾ? ಆಟೋ ಕರಿ."

ಆ ಸ್ಟಾಪಿನಲ್ಲಿ ಒಂದು ತಂಗುದಾಣ, ಅದರ ಪಕ್ಕ ಮೀನು ಮಾರುವ ಹೆಂಗಸೊಬ್ಬಳು. ಆಟೋ ಇಳಿದ ಕೂಡಲೇ ರೂಪಶ್ರೀ ಸೆರಗನ್ನು ಮೂಗಿಗಿಟ್ಟುಕೊಂಡಳು. ಉದಯಕುಮಾರ ಚರಂಡಿ ಬಗ್ಗಿ ನೋಡಿದ, ಗಿಡಗಂಟಿ ಕೆದಕಿದ. ಗಂಗಮ್ಮ ನೇರ ಮೀನಿನವಳ ಹತ್ತಿರ ಹೋದಳು. ಅವಳು ಮೀನನ್ನೆಲ್ಲ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿಕೊಂಡು ನೊಣ ಓಡಿಸುತ್ತಿದ್ದಳು. ಗಿರಾಕಿಯೊಬ್ಬ, "ಎಂತ ಗುಲಾಬಿ, ಮೀನು ನೆಲದಲ್ಲಿ? ಬುಟ್ಟಿ ಎಲ್ಲಿ ಹೋಯ್ತು?" ಎಂದು ರೇಗಿಸುತ್ತಿದ್ದ.

"ಬುಟ್ಟಿಗೆ ಇವತ್ತು ರಜೆ. ನಿಮಗೆ ಮೀನು ಬೇಕಾ, ಬುಟ್ಟಿ ಬೇಕಾ?"

ಗಿರಾಕಿ ಹೋಗುವವರೆಗೆ ಕಾದು ಗಂಗಮ್ಮ ಕೇಳಿದಳು. "ತಾಯಿ, ಬೆಳಿಗ್ಗೆ ಇಲ್ಲಿ ಯಾರಾದ್ರೂ ಬಸ್ ಇಳ್ದು ಏನಾದ್ರೂ ಬಿಸಾಕಿದ್ರಾ? ಕಪ್ಪಗೆ, ಇಷ್ಟೇ ಇಷ್ಟು..."

ಗುಲಾಬಿ ಅವಳ ಹಣೆಯ ವಿಭೂತಿ ನೋಡಿದಳು. ಕತ್ತರಿಸಿದ ದಾರ ನೋಡಿದಳು.

"ಅಯ್ಯೋ ದೇವರೇ, ನಿಮ್ಮದಾ? ಬನ್ನಿ ಅಮ್ಮ."

ತಂಗುದಾಣದ ಹಿಂದೆ ಗೋಡೆಗೆ ಒತ್ತಿದಂತೆ ಒಂದು ಬುಟ್ಟಿ ಬೋರಲು ಬಿದ್ದಿತ್ತು. ಮೇಲೆ ಒಂದು ಕಲ್ಲು.

"ಒಬ್ಬ ಇಲ್ಲಿ ನಿಂತು ಬೆಳ್ಳಿ ಡಬ್ಬಿ ತೆರೆದ. ಒಳಗಿದ್ದದ್ದನ್ನು ಬಿಸಾಡ್ಲಿಕ್ಕೆ ಕೈ ಎತ್ತಿದ. ಮತ್ತೆ ಎಂತ ಅನ್ನಿಸಿತೋ, ಬಿಸಾಡ್ಲಿಲ್ಲ. ಬಗ್ಗಿ ಕೆಳಗಿಟ್ಟು ಓಡಿದ. ನೋಡಿದರೆ ದೇವರ ಹಾಗೆ ಉಂಟು. ನನ್ನದು ಮೀನಿನ ಕೈ, ನಾನು ಮುಟ್ಟಲಿಲ್ಲ. ಬಿಟ್ಟು ಹೋದರೆ ನಾಯಿ ಬರ್ತದೆ, ಜನ ತುಳೀತಾರೆ. ಅದಕ್ಕೆ ಬುಟ್ಟಿ ಮುಚ್ಚಿಟ್ಟೆ. ಯಾರಾದರೂ ಹುಡುಕಿಕೊಂಡು ಬಂದೇ ಬರ್ತಾರೆ ಅಂತ."

ಉದಯಕುಮಾರ ಕಲ್ಲು ತೆಗೆದು ಬುಟ್ಟಿ ಎತ್ತಿದ. ಒಣಗಿದ ಎಲೆಗಳ ನಡುವೆ ಲಿಂಗ ಇತ್ತು. ಬಿರುಕಿಲ್ಲ, ಗೀರಿಲ್ಲ. ಬುಟ್ಟಿಯಿಂದ ತೊಟ್ಟಿಕ್ಕಿದ ನೀರು ಅದರ ಮೇಲೆ ಹನಿಹನಿಯಾಗಿ ನಿಂತಿತ್ತು.

"ಅತ್ತೆ, ಮೀನಿನ ನೀರು" ಎಂದಳು ರೂಪಶ್ರೀ ಮೆಲ್ಲಗೆ. "ಇದು ನಡೆಯುತ್ತಾ? ಮಠದಲ್ಲಿ ಕೇಳ್ದೆ..."

ಆ ಮಾತು ಗುಲಾಬಿಗೆ ಕೇಳಿಸಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಳ್ಳತೊಡಗಿದಳು. "ನನಗೆ ಬೇರೆ ಎಂತ ಮಾಡ್ಲಿಕ್ಕೂ ತೋಚಲಿಲ್ಲ ಅಮ್ಮ" ಎಂದಳು.

ಗಂಗಮ್ಮ ಲಿಂಗದ ಮುಂದೆ ಕೂತಳು. ಅಜ್ಜಿ ಹೇಳಿದ ಮಾತುಗಳಲ್ಲಿ ಇದಕ್ಕೆ ಯಾವುದೂ ಒದಗಲಿಲ್ಲ. ಲಿಂಗ ಕಳೆದರೆ ಏನು ಮಾಡಬೇಕು ಎಂದು ಅಜ್ಜಿ ಹೇಳಿದ್ದಳು. ಅದನ್ನು ಯಾರಾದರೂ ಕಾದುಕೊಟ್ಟರೆ ಏನು ಮಾಡಬೇಕು ಎಂದು ಹೇಳಿರಲಿಲ್ಲ.

"ರೂಪ, ನಿನ್ ಬಾಟ್ಲಿ ಕೊಡು."

ಬಾಟಲಿಯ ನೀರನ್ನೆಲ್ಲ ಸುರಿದು ಲಿಂಗ ತೊಳೆದಳು. ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಮಗನ ಒಗೆದ ಕರವಸ್ತ್ರ ಇಸಿದುಕೊಂಡು ಅದರಲ್ಲಿ ಲಿಂಗ ಸುತ್ತಿದಳು. ಕತ್ತರಿಸಿದ ದಾರಕ್ಕೆ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡಳು. ಬೆಳ್ಳಿ ಇಲ್ಲದವರು ಹಿಂದೆಲ್ಲ ಕಟ್ಟಿಕೊಳ್ಳುತ್ತಿದ್ದದ್ದೂ ಬಟ್ಟೆಯಲ್ಲೇ.

"ಈಗ ನೀರು ಕುಡಿಯಮ್ಮ" ಎಂದ ಉದಯಕುಮಾರ. ಬಾಟಲಿ ಅಲ್ಲಾಡಿಸಿದ. ಖಾಲಿ. "ಇರು, ಅಂಗಡಿ ಎಲ್ಲಿದೆ ನೋಡ್ತೀನಿ."

ಗಂಗಮ್ಮ ಗೋಡೆ ಹಿಡಿದುಕೊಂಡು ಗುಲಾಬಿಯ ಕಡೆ ತಿರುಗಿದಳು. "ನಿಮ್ ಹತ್ರ ನೀರಿದ್ಯಾ ತಾಯಿ?"

ಗುಲಾಬಿ ಅವಳನ್ನೂ ಸೊಸೆಯನ್ನೂ ನೋಡಿದಳು. "ಉಂಟು... ಆದರೆ ನಮ್ಮ ಮನೆಯ ನೀರು. ನೀವು ಕುಡೀತೀರಾ?"

"ಬೆಳಿಗ್ಗೆಯಿಂದ ನನ್ ಲಿಂಗ ನಿಮ್ ಬುಟ್ಟಿ ನೆರಳಲ್ಲಿತ್ತು. ನಂಗೆ ನಿಮ್ ನೀರು ಆಗಲ್ವಾ? ಕೊಡವ್ವ, ಕಣ್ಣು ಕತ್ಲೆ ಬರ್ತಾ ಇದೆ."

ಗುಲಾಬಿ ಓಡಿ ಹೋಗಿ ಸ್ಟೀಲ್ ಚೊಂಬು ತಂದಳು. ತಿಂಡಿಯ ಡಬ್ಬಿಯಿಂದ ಒಂದು ತುಂಡು ಬೆಲ್ಲವನ್ನೂ ತಂದಳು. ಗಂಗಮ್ಮ ಚೊಂಬು ಎತ್ತಿ ಗಟಗಟ ಕುಡಿದಳು, ಕತ್ತಿನ ಮೇಲೆಲ್ಲ ಸುರಿದುಕೊಂಡಳು. ಮಗ ತಾಯಿಯ ಬೆನ್ನು ಹಿಡಿದುಕೊಂಡಿದ್ದ. ರೂಪಶ್ರೀ ಮೂಗಿನ ಸೆರಗನ್ನು ಯಾವಾಗ ಬಿಟ್ಟಿದ್ದಳೋ, ಅವಳೇ ಬೆಲ್ಲ ಮುರಿದು ಅತ್ತೆಯ ಬಾಯಿಗಿಟ್ಟಳು.

"ಅವನನ್ನ ಬಿಡ್ಬಾರ್ದು ಕಣಮ್ಮ" ಎಂದ ಉದಯಕುಮಾರ. "ಇವ್ರು ನೋಡವ್ರೆ. ಚೌಕಿಗೆ ಹೋಗಿ ಹೇಳೋಣ."

"ಹೇಳು ಬುಡು. ಹಿಡಿಯೋದು ಅವ್ರ ಕೆಲ್ಸ. ಬೆಳ್ಳಿಗೆ ಬಂದಿದ್ದ, ಬೆಳ್ಳಿ ತಗೊಂಡ್ ಹೋದ. ಇದನ್ನ ಮಾತ್ರ ಬಿಸಾಕೋಕೆ ಕೈ ಬರ್ಲಿಲ್ಲ ಅವನಿಗೆ" ಎಂದು ಗಂಗಮ್ಮ ಬೆಲ್ಲ ಚೀಪಿದಳು.

ಗುಲಾಬಿ ಬುಟ್ಟಿಯನ್ನು ನೆಟ್ಟಗೆ ಮಾಡಿ ಮೀನು ತುಂಬತೊಡಗಿದಳು. ಬಿಸಿಲಿಗೆ ಅರ್ಧ ಮೀನು ಬಾಡಿತ್ತು. ಗಂಗಮ್ಮ ಅದನ್ನು ನೋಡಿ, ದುಡ್ಡು ತೆಗಿ ಎಂದು ಮಗನ ಪಿನ್ನು ಚುಚ್ಚಿದ ಜೇಬಿನ ಕಡೆ ಕೈ ಮಾಡಿದಳು.

"ಅದೆಲ್ಲ ಬೇಡ ಅಮ್ಮ" ಎಂದು ಗುಲಾಬಿ ತಲೆ ಎತ್ತದೆಯೇ ಹೇಳಿದಳು. "ಹೋಗಿ, ಸಮುದ್ರ ನೋಡಿ. ಅಷ್ಟು ದೂರದಿಂದ ಬಂದಿದ್ದೀರಿ. ಚೌಕಿಯಲ್ಲೇ ಕೂತು ಹೋಗ್ತೀರಾ?"