ಶಾಲೆ ಫೋನಿನ ಸೊಣ್ಣಮ್ಮ

ಮಹದೇವಪುರದ ಪಕ್ಕದ ಆ ಹಳ್ಳಿಯ ಗಂಡಸರಲ್ಲಿ ಅರ್ಧಕ್ಕರ್ಧ ಜನ ಟೆಲಿಫೋನ್ ಕಾರ್ಖಾನೆಯ ಕೆಲಸಗಾರರು. ಎಲ್ಲೆಲ್ಲಿಯದೋ ಊರುಗಳಿಗೆ ಹೋಗುವ ಫೋನುಗಳು ಇವರ ಕೈಯಲ್ಲೇ ತಯಾರಾಗುತ್ತಿದ್ದವು. ಇವರ ಊರಿಗೆ ಮಾತ್ರ ಒಂದು ಫೋನೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ ಇರಬೇಕು. ಎಂಬತ್ತರ ದಶಕ ಶುರುವಾದಾಗ ಸರ್ಕಾರಕ್ಕೆ ಕಚೇರಿ, ಆಸ್ಪತ್ರೆ, ಶಾಲೆಗಳನ್ನೆಲ್ಲ ತಂತಿಯಲ್ಲಿ ಕಟ್ಟುವ ಹುರುಪು ಬಂತು. ರಾಗಿ ಹೊಲದ ಬದುವಿನ ಮೇಲೆ ಕಂಬಗಳು ಒಂದೊಂದಾಗಿ ಎದ್ದು ಕೊನೆಗೆ ಹೈಸ್ಕೂಲಿನ ಅಂಗಳ ಮುಟ್ಟಿದವು.

ಹೆಡ್‌ಮಾಸ್ಟರ್ ಕೃಷ್ಣಸ್ವಾಮಿಯವರ ಮೇಜಿನ ಮೇಲೆ ಕಪ್ಪು ಫೋನು ಬಂದು ಕೂತಿತು. ಪರೀಕ್ಷೆ, ಪಠ್ಯಪುಸ್ತಕ, ಮೇಷ್ಟರುಗಳ ವರ್ಗಾವಣೆ, ಇಂಥ ಸರ್ಕಾರಿ ಮಾತುಕತೆಗೆಂದು ಕೊಟ್ಟ ಫೋನು. ಆದರೆ ಊರಿಗೆಲ್ಲ ಇದ್ದದ್ದು ಅದೊಂದೇ ತಾನೆ? ಹಬ್ಬ ಹರಿದಿನ ಬರುವಷ್ಟರಲ್ಲಿ ನೆಂಟರಿಷ್ಟರೆಲ್ಲ ಅದರ ನಂಬರು ಗುರುತು ಹಾಕಿಕೊಂಡಿದ್ದರು. ಹೆಡ್‌ಮಾಸ್ಟರು ದೊಡ್ಡ ಮನಸ್ಸಿನವರು, ಬೇಡ ಅನ್ನಲಿಲ್ಲ. ಊರಿನವರಿಗೆ ಫೋನು ಬಂದರೆ ಶಾಲೆಯ ಆಯಾ ಸೊಣ್ಣಮ್ಮ ಓಡಿಹೋಗಿ ಅವರನ್ನು ಕರೆತರಬೇಕು.

ಮೊದಮೊದಲು ಅವಳಿಗೆ ಹೆಮ್ಮೆಯೋ ಹೆಮ್ಮೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದರೆ ತಹಸೀಲ್ದಾರರ ಗತ್ತು. ಆದರೆ ಮಗು ಹುಟ್ಟಿತು, ಹೆಣ್ಣು ನೋಡಲು ಬರುತ್ತೇವೆ ಅನ್ನುವುದಕ್ಕೆಲ್ಲ ಯಾರು ಫೋನಿಗೆ ದುಡ್ಡು ಸುರಿಯುತ್ತಾರೆ? ಅದಕ್ಕೆ ಅಂಚೆ ಕಾರ್ಡು ಸಾಕು. ಜನ ಫೋನಿಗೆ ಓಡುತ್ತಿದ್ದದ್ದು ಯಾರಾದರೂ ಕಣ್ಣು ಮುಚ್ಚಿದಾಗ. ಹೀಗಾಗಿ ಬರಬರುತ್ತ ಸೊಣ್ಣಮ್ಮನನ್ನು ಬೀದಿಯಲ್ಲಿ ಕಂಡರೆ ಹೆಂಗಸರು ಬಾಗಿಲು ಮುಂದಕ್ಕೆ ತಳ್ಳತೊಡಗಿದರು. "ಅಯ್ಯೋ, ಅವ್ಳು ಬಂದ್ಲು ಕಣೆ, ಇವತ್ತು ಯಾರ ಮನೇದೋ!" ಸುದ್ದಿ ತರುತ್ತಿದ್ದದ್ದು ತಂತಿ, ಅಪವಾದ ಮಾತ್ರ ಈ ಬಡಪಾಯಿಗೆ. ಇಂಥ ಅನ್ಯಾಯ ಎಲ್ಲಾದರೂ ಉಂಟೆ?

ಊರವರ ಮಾತು ಹಾಳಾಗಲಿ, ಹೆತ್ತ ತಾಯಿ ವೆಂಕಟಮ್ಮನೂ ಅದನ್ನೇ ನಂಬಿದಳು. ಸೊಣ್ಣಮ್ಮನ ತಮ್ಮ ಲಕ್ಷ್ಮಣಪ್ಪನಿಗೆ ಮಾಕಳಿಯ ಹೆಣ್ಣು ಗೊತ್ತಾಗಿತ್ತು. ಮದುವೆ ಗಂಡಿನ ಮನೆಯ ಚಪ್ಪರದಲ್ಲೇ. ಮದುಮಗನ ಅಕ್ಕ ಕಳಸ ಹಿಡಿದು ನಿಲ್ಲುವುದು ಅವರ ಮನೆತನದ ಪದ್ಧತಿ. ಅದಕ್ಕೆಂದೇ ಸೊಣ್ಣಮ್ಮ ಹೊಸ ಸೀರೆ ತೆಗೆದಿಟ್ಟಿದ್ದಳು. ಚಪ್ಪರ ಹಾಕಿದ ದಿನ ತಾಯಿ ಮುಖಕ್ಕೆ ಮುಖ ಕೊಡದೆ ಹೇಳಿದಳು:

"ಕಳ್ಸ ನಿಮ್ಮ ಚಿಕ್ಕಪ್ಪನ ಮಗಳು ಇಡ್ಕಳ್ಳಿ ಬಿಡೆ. ನಾಕ್ ಜನ ನಾಕ್ ಮಾತಾಡ್ತಾರೆ."

ಸೊಣ್ಣಮ್ಮ ಜಗಳವಾಡಲಿಲ್ಲ. ಮದುವೆಯ ದಿನ ವಾಲಗ ಶುರುವಾಗುತ್ತಲೇ ಶಾಲೆಯ ಬೀಗದ ಕೈ ಹಿಡಿದು ಹೊರಟುಬಿಟ್ಟಳು. ಬೇಸಿಗೆ ರಜೆ, ಫೋನು ಕಾಯುವವರು ಬೇಕಲ್ಲ ಎಂಬುದು ನೆಪ. ಬರಿದಾದ ಶಾಲೆಯಲ್ಲಿ ಕೂತು ಹೊಟ್ಟೆ ತುಂಬ ಅತ್ತಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮಾಕಳಿಯ ಪಂಚಾಯ್ತಿ ಕಚೇರಿಗೂ ಆಗತಾನೆ ಫೋನು ಬಂದಿತ್ತು. ಅಲ್ಲಿಂದ ಮಾತಾಡುತ್ತಿದ್ದವಳು ಮದುಮಗಳ ಚಿಕ್ಕಮ್ಮ, ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದವಳು.

"ಮಾವ ಇವತ್ತು ದಾಟಾಕಿಲ್ಲ ಕಣಕ್ಕ. 'ದೊಡ್ಮಗ ಎಲ್ಲಿ, ವೆಂಕಟೇಶ ಎಲ್ಲಿ' ಅಂತಾನೇ ಅವ್ರೆ. ನಮ್ಮ ಬಾವ್ನೋರ್ಗೆ ಯೋಳ್ಬಿಡಿ."

ವೆಂಕಟೇಶಪ್ಪ ಅಂದರೆ ಮದುಮಗಳ ತಂದೆ. ಇನ್ನೇನು ಮಗಳನ್ನು ಧಾರೆ ಎರೆಯಬೇಕಾದವನು. ಸೊಣ್ಣಮ್ಮ ಫೋನು ಕೆಳಗಿಟ್ಟಳು. ತಾಳಿ ಕಟ್ಟುವ ತನಕ ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಈಗ ಹೋದರೆ ಮದುವೆ ಮನೆಗೂ ಸಾವು ಹೊತ್ತುತಂದವಳು ಅನ್ನಿಸಿಕೊಂಡು ಜನ್ಮವಿಡೀ ಬಾಳಬೇಕು. ಆದರೆ ಅವಳ ಅಪ್ಪ ಹೋದಾಗ ಲಕ್ಷ್ಮಣಪ್ಪ ಪೀಣ್ಯದ ಕಾರ್ಖಾನೆಯಲ್ಲಿದ್ದ. ಸುದ್ದಿ ಮುಟ್ಟಿ ಅವನು ಬರುವಷ್ಟರಲ್ಲಿ ಅಪ್ಪನ ಬಾಯಿ ಒಣಗಿಹೋಗಿತ್ತು. ಅಂದು ತಮ್ಮ ಅತ್ತದ್ದನ್ನು ಅವಳು ಕಂಡಿದ್ದಳು.

ಸೊಣ್ಣಮ್ಮ ಎದ್ದಳು. ಓಡಿದರೆ ಊರಿಗೆ ಅನುಮಾನ ಬರುತ್ತದೆಂದು ಕಣ್ಣೊರೆಸಿಕೊಂಡು ನಿಧಾನ ನಡೆದಳು. ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು, ಎಲೆಅಡಿಕೆ ತಟ್ಟೆ ಕೈಯಲ್ಲಿ ಹಿಡಿದು, ಬೀಗರಿಗೆ ಉಪಚಾರ ಮಾಡುವವಳ ಹಾಗೆ ವೆಂಕಟೇಶಪ್ಪನನ್ನು ಹುಲ್ಲು ಬಣವೆಯ ಮರೆಗೆ ಕರೆದು ವಿಷಯ ಹೇಳಿದಳು. ಅವನು ಚಪ್ಪರದ ಕಡೆ ತಿರುಗಿ ನೋಡಿದ.

"ಧಾರೆ ಎರೆಯೋನು ನಾನಲ್ವೇನಮ್ಮ?"

"ಧಾರೆ ನಿಮ್ಮ ತಮ್ಮ ಎರೀಬೌದಣ್ಣ. ಅಪ್ಪನ ಬಾಯ್ಗೆ ನೀರು ಬಿಡೋನು ದೊಡ್ಮಗ."

ವೆಂಕಟೇಶಪ್ಪ ಚಪ್ಪರಕ್ಕೆ ನಡೆದ. ತಮ್ಮನ ಕಿವಿಯಲ್ಲಿ ಒಂದು ಮಾತು ಹಾಕಿ, ಸೊಣ್ಣಮ್ಮನ ಗಂಡ ಮುನಿಯಣ್ಣನ ಬೈಕು ಹತ್ತಿ ಮಾಕಳಿಗೆ ಹೊರಟ. ಮಿಕ್ಕವರಿಗೆ ಏನೋ ಒಂದು ಸಬೂಬು ಹೇಳಿದ್ದಾಯಿತು. ಆದರೆ ವೆಂಕಟಮ್ಮನ ಕಣ್ಣಿಗೆ ಮಣ್ಣೆರಚಲು ಸಾಧ್ಯವೇ? ಮಗಳನ್ನು ಒಲೆಯ ಹತ್ತಿರ ತಡೆದು ಹಲ್ಲು ಕಚ್ಚಿ ಕೇಳಿದಳು: "ನಿನ್ನ ತಮ್ಮನ ಮದ್ವೆಗೂ ತಂದ್ಯಾ ಇದ್ನ?" ಸೊಣ್ಣಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಿಕ್ಕಪ್ಪನ ಮಗಳು ಕಳಸ ಹಿಡಿದಳು, ಮದುಮಗಳ ಚಿಕ್ಕಪ್ಪ ಧಾರೆ ಎರೆದ, ತಾಳಿ ಕಟ್ಟಿದ್ದಾಯಿತು. ಸೊಣ್ಣಮ್ಮ ಅಡಿಗೆ ಮನೆಯ ಬಾಗಿಲಿನಿಂದ ಅಕ್ಷತೆ ಎಸೆದಳು.

ಮಾಕಳಿಯ ಮುದುಕ ಸಂಜೆ ತೀರಿಕೊಂಡ. ತಿಥಿ ಎಲ್ಲ ಕಳೆದ ಮೇಲೆ ವೆಂಕಟೇಶಪ್ಪ ಮಗಳನ್ನು ನೋಡಲು ಬಂದವನು, ಜಗುಲಿಯ ಮೇಲೆ ಎಲ್ಲರೂ ಇರುವಾಗಲೇ ಸೊಣ್ಣಮ್ಮನಿಗೆ ಕೈ ಮುಗಿದ. "ನಾನು ಹೋದಾಗ ಕಣ್ಬಿಟ್ಟು ನೋಡಿದ್ರು ಕಣಮ್ಮ. 'ಬಂದ್ಯಾ' ಅಂದ್ರು. ನನ್ನ ಕೈಯಿಂದಲೇ ನೀರು ಕುಡಿದ್ರು. ನೀನು ತಾಳಿ ಕಟ್ಟೋಗಂಟ ತಡೆದಿದ್ರೆ..." ಅವನು ಹೆಗಲ ಟವಲಿನಲ್ಲಿ ಮುಖ ಒರೆಸಿಕೊಂಡ.

ಬೀಗ ಹೋದ ಮೇಲೆ ವೆಂಕಟಮ್ಮ ಮಗಳ ಪಕ್ಕಕ್ಕೆ ಸರಿದು ಕೂತಳು.

"ಲಕ್ಷ್ಮಣಂಗೆ ದಿನಾ ಪೀಣ್ಯ. ನನ್ ಗಳಿಗೆ ಬಂದಾಗ ಅವನಿಗೆ ಫೋನ್ ಮಾಡೋಳು ನೀನೇ ಆಗ್ಬೇಕು ಕಣೆ. ಬ್ಯಾರೆಯೋರ್ಗೆ ಬಿಡ್ಬ್ಯಾಡ."

ಸೊಣ್ಣಮ್ಮನಿಗೆ ತುಂಬಿಟ್ಟುಕೊಂಡದ್ದೆಲ್ಲ ಉಕ್ಕಿ ಬಂತು. "ಕಳ್ಸ ಇಡಿಯೋಕೆ ನಾನು ಆಗ್ಲಿಲ್ಲ. ಇದಕ್ಕೆ ಆಯ್ತೀನಾ ಅವ್ವ?"

"ಕಳ್ಸ ಯಾರ್ ಬೇಕಾದ್ರೂ ಇಡೀತಾರೆ," ಅಂದಳು ಮುದುಕಿ, ಮಗಳ ಕೈ ಹಿಡಿದು. "ಇದ್ನ ಇನ್ಯಾರಿಗೆ ಒಪ್ಸಲಿ?"