ಬೋರಲು ಹಾಕಿದ ಲೋಟ

ಕೊನೆಯ ದಿನ ಬೆಳಿಗ್ಗೆ ಇವರಿಗೆ ಚೆನ್ನಾಗಿ ಬೈದೆ. ಒಗೆದು ಹರವಿದ್ದ ಬಿಳಿ ಹೊದಿಕೆಯ ಮೇಲೆ ಐದು ಬೆರಳೂ ಕಪ್ಪಗೆ ಮೂಡಿದ್ದವು.

"ಕಣ್ಣು ಕಾಣ್ಸಲ್ವಾ ನಿಮಗೆ?"

"ಗಾಳಿಗೆ ಹಾರಿ ಬೀಳ್ತಿತ್ತು ಕಣೇ, ಹಿಡ್ಕೊಂಡೆ."

"ಬೀಳೋಕೆ ಬಿಟ್ಟಿದ್ರೂ ಇಷ್ಟು ಕೊಳೆ ಆಗ್ತಿರಲಿಲ್ಲ."

ನಕ್ಕರು. ಹಿತ್ತಲಿಗೆ ಹೋಗಿ ಡ್ರಮ್ಮಿಗೆ ಕಡಲೆಕಾಯಿ ಸಿಪ್ಪೆ ತುಂಬಿ, ಮುಚ್ಚಳದ ಸುತ್ತ ಮಣ್ಣು ಮೆತ್ತಿ, ಕೆಳಗೆ ಬೆಂಕಿ ಕೊಟ್ಟರು. ಸಂಜೆ ಡ್ರಮ್ಮು ಆರಿದೆಯಾ ಅಂತ ಮುಟ್ಟಿ ನೋಡಿದರು. "ನಾಳೆ ತೊಳೀಬೇಕು" ಅಂದರು. ಬೆಳಿಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಅಂದರು ಡಾಕ್ಟರು.

ಇವರ ಮೊದಲಿನ ಕಸುಬು ಹಳೇ ಬ್ಯಾಟರಿ ರಿಪೇರಿ. ಬೀದಿಯಲ್ಲಿ ಇನ್ನೂ ಕೆಲವರದು ಅದೇ ಕೆಲಸ. ಬ್ಯಾಟರಿ ಒಡೆದು ತೊಳೆದ ನೀರೆಲ್ಲ ನೆಲಕ್ಕೆ ಹೋಗುತ್ತಿತ್ತು. ಒಂದು ದಿನ ಕಾಲೇಜಿನ ಲ್ಯಾಬಿನಿಂದ ಒಬ್ಬ ಮೇಡಂ ಬಂದು ಬೀದಿಯ ಬೋರ್‌ವೆಲ್ ನೀರು ಪರೀಕ್ಷೆ ಮಾಡಿದರು. ಇದರಲ್ಲಿ ಸೀಸ ಇದೆ, ಮಕ್ಕಳಿಗೆ ಕೊಡಬೇಡಿ ಅಂದರು. ಮಿಕ್ಕವರು ಅವರ ಮೇಲೆ ಜಗಳಕ್ಕೆ ಹೋದರು. ಇವರು ಮನೆಗೆ ಬಂದು ಕೂತರು. ಊಟ ಸೇರಲಿಲ್ಲ.

"ನಮ್ಮ ಮಗಳಿಗೂ ಇದೇ ನೀರು ಕುಡಿಸಿದ್ವಲ್ಲೇ."

ಅಂಗಡಿಗೆ ಬೀಗ ಹಾಕಿದರು. ಮೇಡಂ ಹತ್ತಿರ ಹೋಗಿ, ಏನು ಮಾಡಬೇಕು ಹೇಳಿಕೊಡಿ ಅಂದರು. ಹೊಟ್ಟೆಪಾಡಿಗೆ ಎಣ್ಣೆ ಮಿಲ್ಲಿಗೆ ಸೇರಿದರು. ಅಲ್ಲಿ ಸಿಪ್ಪೆ ರಾಶಿ ರಾಶಿ ಬಿದ್ದಿರುತ್ತಿತ್ತು, ಕೇಳೋರಿಲ್ಲ.

ಸಿಪ್ಪೆಯನ್ನು ಮೇಡಂ ಕೊಟ್ಟ ಆಸಿಡ್ ನೀರಲ್ಲಿ ನೆನೆಸಿ, ಒಣಗಿಸಿ, ಗಾಳಿಯಾಡದ ಡ್ರಮ್ಮಲ್ಲಿ ಸುಡಬೇಕು. ಗಾಳಿ ಹೋದರೆ ಬೂದಿ, ಹೋಗದಿದ್ದರೆ ಇದ್ದಿಲು. ಅದನ್ನು ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಬೇಕು. ಆಮೇಲೆ ಅದನ್ನು ನಲ್ಲಿ ಇರುವ ಇನ್ನೊಂದು ಡ್ರಮ್ಮಿಗೆ ತುಂಬಿ, ಬೋರ್‌ವೆಲ್ ನೀರನ್ನು ಅದರ ಮೇಲೆ ನಿಧಾನವಾಗಿ ಹರಿಸಿದರೆ ಸೀಸ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಮೊದಲ ಸಲ ಇವರು ಸುಟ್ಟಿದ್ದು ಪೂರಾ ಬೂದಿ. ಎರಡನೇ ಸಲವೂ ಬೂದಿ. ಬೀದಿಯವರು ಮಸಿಯಣ್ಣ ಅಂತ ಹೆಸರಿಟ್ಟರು. ಇವರು ಓಗೊಟ್ಟರು.

ಕೊನೆಗೆ ನೀರು ಚೆನ್ನಾಗಿದೆ ಅಂತ ಮೇಡಂ ಹೇಳಿದ ಮೇಲೆ ಬೀದಿಯವರೂ ಬಿಂದಿಗೆ ತಂದರು. ಬೆಳಿಗ್ಗೆ ಮೊದಲ ಲೋಟ ಇವರೇ ಕುಡಿಯುತ್ತಿದ್ದರು. ಆ ಲೋಟವನ್ನು ನೀರಿನ ಡ್ರಮ್ಮಿನ ಮೇಲೆ ಬೋರಲು ಹಾಕಿದರೆ ಮಾತ್ರ ಬೇರೆಯವರು ಹಿಡಿಯಬಹುದು.

"ಕುಡಿದ್ರೆ ಸೀಸ ಇದೆಯೋ ಇಲ್ವೋ ಗೊತ್ತಾಗುತ್ತಾ?" ಅಂತ ಕೇಳಿದ್ದೆ.

"ಏನೂ ಗೊತ್ತಾಗಲ್ಲ. ನಾನು ಕುಡಿಯದೇ ಇರೋದನ್ನ ಮಂದಿಗೆ ಹೇಗೆ ಕೊಡ್ಲಿ?"

ಇದ್ದಿಲಿನ ತಾಪತ್ರಯ ಒಂದೇ. ಅದರ ಹೊಟ್ಟೆ ತುಂಬಿದರೂ ಹೇಳುವುದಿಲ್ಲ. ನೀರಿನ ಬಣ್ಣ ಅದೇ, ರುಚಿ ಅದೇ, ಸೀಸ ಮಾತ್ರ ದಾಟಿ ಬರುತ್ತದೆ. ಅದಕ್ಕೇ ಮೇಡಂ ಹೇಳಿದ ಗಡುವಿಗೆ ಮುಂಚೆಯೇ ಇವರು ಬದಲಾಯಿಸುತ್ತಿದ್ದರು. ಹಳೆಯದನ್ನು ಒಲೆಗೂ ಹಾಕಬಾರದು, ಗಿಡಕ್ಕೂ ಹಾಕಬಾರದು. ಲ್ಯಾಬಿನವರು ಬಂದು ಒಯ್ಯುತ್ತಾರೆ.

ಇವರು ಹೋದ ಮೇಲೆ ಜನ ಅತ್ತರು, ನೀರು ಹಿಡಿದರು. ನನಗೆ ಯಾವುದರ ಎಚ್ಚರವೂ ಇರಲಿಲ್ಲ. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದೆ. ಇವರು ಸುಟ್ಟ ಡ್ರಮ್ಮು ಹಾಗೇ ಇತ್ತು, ಮಣ್ಣು ಬಿರಿದಿತ್ತು. ಹೊಸದು ಸುಟ್ಟಿದ್ದಾರೆ ಅಂದರೆ ಹಳೆಯದರ ಕೆಲಸ ಮುಗಿದಿದೆ. ಓಡಿಹೋಗಿ ನಲ್ಲಿ ನಿಲ್ಲಿಸಿದೆ.

ಎದುರು ಮನೆ ಹೊಲಿಗೆಯವಳು ಬಿಂದಿಗೆ ಹಿಡಿದು ನಿಂತಿದ್ದಳು, ಸೊಂಟದಲ್ಲಿ ಮೊಮ್ಮಗು.

"ಅಕ್ಕ, ನಿನ್ನೆ ಮಗುಗೆ ಇದೇ ಕುಡಿಸಿದ್ದೀನಿ. ಚೆನ್ನಾಗೇ ಇದೆ."

"ಚೆನ್ನಾಗೇ ಕಾಣುತ್ತೆ. ಇವತ್ತು ಇಲ್ಲ."

"ಮೇನ್ ರೋಡಿನ ನಲ್ಲಿವರೆಗೂ ಇವಳನ್ನ ಹೊತ್ಕೊಂಡು ಹೋಗ್ಲಾ? ಅಣ್ಣ ಇದ್ದಿದ್ರೆ ಹೀಗೆ ಮಾಡ್ತಿದ್ರಾ?"

"ಇದ್ದಿದ್ರೆ ಮೊನ್ನೇನೇ ನಿಲ್ಲಿಸ್ತಿದ್ರು. ಮಗೂನ ಇಲ್ಲಿ ಬಿಟ್ಟು ಹೋಗು, ನಾನು ನೋಡ್ಕೋತೀನಿ."

ಗೊಣಗಿಕೊಂಡು ಹೋದಳು. ಅವಳದು ತಪ್ಪು ಅಂತ ತೋರಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಮಗುವನ್ನು ಬಾಗಿಲಲ್ಲಿ ಕೂರಿಸಿ ಹೊಸ ಇದ್ದಿಲು ತೊಳೆಯೋಕೆ ಕೂತೆ. ಇಷ್ಟು ವರ್ಷ ಬೈಯುತ್ತಾ ನೋಡಿದ್ದೆ, ಕೈಗೆ ಬಂತು. ಎಷ್ಟು ತೊಳೆದರೂ ಕಪ್ಪು. ಸೊಂಟ ಬಿದ್ದುಹೋಯಿತು. ಇವರು ಒಮ್ಮೆಯೂ ಸೊಂಟ ನೋವು ಅಂದವರಲ್ಲ. ನೀರು ತಿಳಿಯಾಯಿತು. ಹಳೆಯದನ್ನು ತೆಗೆದು ಮುಚ್ಚಿಟ್ಟೆ, ಹೊಸದನ್ನು ತುಂಬಿದೆ. ಬಿಳಿ ಹೊದಿಕೆಯಲ್ಲಿ ಇವರ ಕೈ ಇನ್ನೂ ಇತ್ತು. ಅದರ ಪಕ್ಕದಲ್ಲಿ ನನ್ನದೂ ಬಿತ್ತು.

ಮೇಡಂ ಬಂದು ಹೊಸ ನೀರು ನೋಡಿ ಸರಿಯಾಗಿದೆ ಅಂದರು. ಹಳೆಯದು ದಾಟಿಸುತ್ತಿತ್ತಾ ಅಂತ ನಾನು ಕೇಳಲಿಲ್ಲ.

ಈಗ ಸಿಪ್ಪೆ ನಾನೇ ಸುಡುತ್ತೇನೆ. ಮೊದಲ ಸಲ ಬೂದಿಯಾಯಿತು. ಬೆಳಿಗ್ಗೆ ಎದ್ದು ನಲ್ಲಿ ಬಿಡುತ್ತೇನೆ, ಮಸಿ ಬೆರೆತ ಮೊದಲ ಬಕೆಟ್ ಚೆಲ್ಲುತ್ತೇನೆ. ಒಂದು ಲೋಟ ಹಿಡಿದು ನಿಂತೇ ಕುಡಿಯುತ್ತೇನೆ. ಏನೂ ಗೊತ್ತಾಗುವುದಿಲ್ಲ. ಲೋಟ ಬೋರಲು ಹಾಕಿ ಒಳಗೆ ಬರುತ್ತೇನೆ.