ಪೂರ್ವಕ್ಕೆ ನಾರಾಯಣಮ್ಮನವರ ಬಚ್ಚಲುಮನೆ

ನಾನು ಇಪ್ಪತ್ತೆಂಟು ವರ್ಷದಿಂದ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಆಯತದ ವಿಸ್ತೀರ್ಣ ಹೇಗೆ ಎಂದು ನಂಗಲಿ ಕಡೆಯ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ 'ಉದ್ದ ಗುಣಿಸು ಅಗಲ' ಎನ್ನುತ್ತಾರೆ. ಅದು ನನ್ನ ಸಣ್ಣ ಹೆಮ್ಮೆ. ಆದರೆ ನೀವು ನಮ್ಮ ಮನೆಗೆ ಬಂದು, ಕಾಫಿ ಲೋಟ ಕೈಗೆ ತೆಗೆದುಕೊಂಡು, "ಸೈಟು ಎಷ್ಟು ಬೈ ಎಷ್ಟು?" ಎಂದು ಕೇಳಿದರೆ ನಾನು ಸುಮ್ಮನೆ ಕಿಟಕಿಯ ಕಡೆ ನೋಡುತ್ತೇನೆ. ಉತ್ತರ ಗೊತ್ತಿಲ್ಲವೆಂದಲ್ಲ. ನಾಲ್ಕು ಉತ್ತರ ಗೊತ್ತಿವೆ. ಅವುಗಳಲ್ಲಿ ಯಾವುದನ್ನು ಹೇಳಬೇಕು ಎಂದು ಯೋಚಿಸುವ ತ್ರಾಣ ಉಳಿದಿಲ್ಲ.

ಮೊದಲು ನಮ್ಮ ಜಾತಕ ಹೇಳಿಬಿಡುತ್ತೇನೆ. ನಾನೂ ನಮ್ಮವರೂ ಮದುವೆಯಾದಂದಿನಿಂದ ಬಾಡಿಗೆ ಮನೆಯವರು. ವರ್ಗಾವಣೆ ಎಲ್ಲಿಗೋ ನಮ್ಮ ಪಾತ್ರೆಪಗಡಿ ಅಲ್ಲಿಗೆ. ಮಾಲೂರಿನಲ್ಲಿ ಎರಡು ಮನೆ, ವೇಮಗಲ್ಲಿನಲ್ಲಿ ಒಂದು, ಶ್ರೀನಿವಾಸಪುರದಲ್ಲಿ ಮೂರು, ಮುಳಬಾಗಿಲಿಗೆ ಬಂದ ಮೇಲೆ ಮತ್ತೆ ಮೂರು. ಶ್ರೀನಿವಾಸಪುರದ ಮೊದಲನೇ ಮನೆಯಲ್ಲಿ ನಾಲ್ಕು ಸಂಸಾರಕ್ಕೆ ಒಂದೇ ಬಚ್ಚಲು. ಬೆಳಿಗ್ಗೆ ಬಕೆಟ್ಟು ಹಿಡಿದು ಸಾಲಿನಲ್ಲಿ ನಿಂತು, ಒಳಗಿರುವವರು ಚೊಂಬು ಕೆಳಗಿಡುವ ಸದ್ದಿಗೆ ಕಾಯುತ್ತಿದ್ದೆ. ಎಷ್ಟೋ ದಿನ ಒದ್ದೆ ತಲೆಯಲ್ಲೇ ಓಡಿಹೋಗಿ ಮೊದಲ ಪೀರಿಯಡ್ಡು ತೆಗೆದುಕೊಂಡಿದ್ದೇನೆ.

ಈಗ ನನಗೆ ಐವತ್ತನಾಲ್ಕು. ಇನ್ನೊಂದೆರಡು ವರ್ಷ ಕಳೆದರೆ ಮನೆ ಸಾಲ ಸಿಗುವುದು ಕಷ್ಟ ಎಂದು ಬ್ಯಾಂಕಿನ ಮ್ಯಾನೇಜರು ನಗುನಗುತ್ತಲೇ ಹೇಳಿದ್ದರು. ಅದೇ ಹೊತ್ತಿಗೆ ನಾವಿದ್ದ ಮನೆಯ ಮಾಲೀಕರು ಮಗಳಿಗೆ ಮನೆ ಬೇಕು, ಬಿಡಿ ಎಂದರು. ಹತ್ತನೇ ಬಾಡಿಗೆ ಮನೆಗೆ ಸಾಮಾನು ಕಟ್ಟುವ ಶಕ್ತಿ ನನ್ನಲ್ಲಿರಲಿಲ್ಲ. ಹಾಗಾಗಿ ಚೌಡಪ್ಪನವರ ಮನೆ ಮಾರಾಟಕ್ಕಿದೆ ಎಂದು ಕೇಳಿದಾಗ, ಇದು ತಪ್ಪಿದರೆ ಸ್ವಂತ ಮನೆಯ ಮಾತು ಮುಗಿಯಿತು ಎಂದು ನಮ್ಮಿಬ್ಬರಿಗೂ ಅನ್ನಿಸಿತ್ತು.

ಚೌಡಪ್ಪ ಟೊಮೇಟೊ ಮಂಡಿಯವರು. ಹೈವೇ ಪಕ್ಕ ಮಹಡಿ ಮನೆ ಕಟ್ಟಿಸಿಕೊಂಡು, ಮುಳಬಾಗಿಲಿನ ಹಳೇ ಬೀದಿಯಲ್ಲಿ ಅಪ್ಪ ಕಟ್ಟಿಸಿದ್ದ ಈ ತಾರಸಿ ಮನೆಯನ್ನು ಮಾರುತ್ತಿದ್ದರು. ನೋಡಲು ಹೋದ ದಿನ ನಮ್ಮವರ ಚಿಕ್ಕಮ್ಮ ಗೋಡೆಗೆ ಬೆರಳು ಮಡಚಿ ಬಡಿದು ಸದ್ದು ಕೇಳಿದರು, ಬೋರಿನ ನೀರು ಬಾಯಿಗೆ ಹಾಕಿಕೊಂಡು ಉಗಿದರು, ಆಮೇಲೆ ಪರವಾಗಿಲ್ಲ ಎಂದರು. ನಮ್ಮವರು ಹಾಲಿನ ಡೇರಿಯಲ್ಲಿ ಸೂಪರ್‌ವೈಸರ್. ಹಾಲು ನೋಡಿದ ಕೂಡಲೇ ಎಷ್ಟು ನೀರು ಬೆರೆತಿದೆ ಎಂದು ಹೇಳುವ ಮನುಷ್ಯ ಗೋಡೆಯ ಮುಂದೆ ಸುಮ್ಮನೆ ತಲೆಯಾಡಿಸಿಕೊಂಡು ನಿಂತರು. ನಾನು ಟೇಪು ತಂದಿದ್ದೆ. ಬೀದಿಯ ಕಡೆ ಮುಂಭಾಗ ಅಳೆದೆ, ಸರಿಯಾಗಿ ಮೂವತ್ತು ಅಡಿ. ಉದ್ದ ಅಳೆದೆ, ನಲವತ್ತು. ಹಿಂಭಾಗ ಅಳೆಯಲಿಲ್ಲ. ಯಾಕೆಂದರೆ ಆಯತದಲ್ಲಿ ಎದುರುಬದುರು ಬಾಹುಗಳು ಸಮ. ಇದನ್ನು ನಾನೇ ಇಪ್ಪತ್ತೆಂಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ.

ಮುಂಗಡ ಕೊಟ್ಟ ಮೇಲೆ ಬೆಲೆ ಕಟ್ಟುವವರು ಬಂದರು. ಒಂದು ಮನೆಗೆ ಒಂದೇ ಬೆಲೆ ಎಂದು ತಿಳಿದುಕೊಂಡಿದ್ದ ನನ್ನ ಅಜ್ಞಾನ ಅಲ್ಲಿಗೆ ಕೊನೆಯಾಯಿತು. ಸರ್ಕಾರದ್ದು ಒಂದು ಬೆಲೆ. ಅದಕ್ಕೆ ಮಾರ್ಗಸೂಚಿ ದರ ಎಂದು ಹೆಸರು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾತ್ರ ಓಡುತ್ತದೆ. ಚೌಡಪ್ಪನದ್ದು ಒಂದು ಬೆಲೆ. ಬ್ಯಾಂಕಿನ ಇಂಜಿನಿಯರದ್ದು ಇನ್ನೊಂದು. ಆ ಮಹಾಶಯರು ಮನೆಯನ್ನು ಕಾಲು ಗಂಟೆಯಲ್ಲಿ ಸುತ್ತಿ, ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಬಂದ ಅವರ ವರದಿಯನ್ನು ನಾನು ಎರಡು ಸಲ ಓದಿದೆ. ಜಾಗದ ಬೆಲೆ ವರ್ಷ ವರ್ಷ ಏರುತ್ತದಂತೆ, ಕಟ್ಟಡದ ಬೆಲೆ ವರ್ಷ ವರ್ಷ ಇಳಿಯುತ್ತದಂತೆ. ನಾವು ಸಾಲ ತೀರಿಸಲಾಗದೆ ಹೋಗಿ ಆತುರದಲ್ಲಿ ಮಾರಿದರೆ ಎಷ್ಟು ಬರುತ್ತದೆ ಎಂಬುದನ್ನೂ ಬರೆದಿದ್ದರು. ಮನೆಯನ್ನು ಇನ್ನೂ ಕೊಂಡೇ ಇಲ್ಲ, ಅಷ್ಟರಲ್ಲಿ ಕಳೆದುಕೊಂಡೂ ಆಗಿತ್ತು.

ಕೊನೆಯ ಪುಟದಲ್ಲಿ 'ಕಟ್ಟಡದ ಉಳಿದ ಆಯುಷ್ಯ: ಇಪ್ಪತ್ತೈದು ವರ್ಷ' ಎಂದಿತ್ತು. ನಮ್ಮವರು ಅದನ್ನು ಓದಿ ಬೆರಳು ಮಡಚಿ ಲೆಕ್ಕ ಹಾಕಿದರು. "ನಂಗೆ ಐವತ್ತೆಂಟು. ಎಂಬತ್ಮೂರರವರೆಗೂ ನಿಂತಿರುತ್ತೆ. ಸಾಕು ಬಿಡು, ಯಾರು ಮೊದ್ಲು ಬೀಳ್ತೀವೋ ನೋಡೋಣ" ಎಂದರು. ನನಗೆ ನಗು ಬಂತು. ಆ ವಾರದಲ್ಲಿ ಬಂದ ನಗು ಅದೊಂದೇ.

ಯಾಕೆಂದರೆ ಆ ವರದಿಯ ನಡುವೆಯೇ ಒಂದು ಸಾಲು ಕೂತಿತ್ತು: ಹಿಂಭಾಗದ ಅಗಲ ಇಪ್ಪತ್ತೆಂಟೂವರೆ ಅಡಿ, ಸರ್ವೆ ಮಾಡಿಸಿ ಖಚಿತಪಡಿಸಿಕೊಳ್ಳುವುದು. ಸರ್ವೆಯವರು ಬಂದು, ಬಿಸಿಲಲ್ಲಿ ಎರಡು ಗಂಟೆ ಅಳೆದು, ಒಂದೂವರೆ ಅಡಿಯ ಮೇಲೆ ಇನ್ನೂ ಒಂದು ಅಂಗುಲ ಕಡಿಮೆ ತೋರಿಸಿದರು. ಕ್ರಯಪತ್ರದಲ್ಲಿ ಒಂದು ಅಳತೆ, ಪುರಸಭೆಯ ಖಾತೆಯಲ್ಲಿ ಇನ್ನೊಂದು, ಇಂಜಿನಿಯರದ್ದು ಒಂದು, ಸರ್ವೆಯದ್ದು ಒಂದು. ನಾನು ಹೇಳಿದ ನಾಲ್ಕು ಉತ್ತರ ಇವೇ. ನನ್ನ ಟೇಪಿನದ್ದನ್ನು ನಾಚಿಕೆಯಿಂದ ಬಿಟ್ಟಿದ್ದೇನೆ.

ಅಳತೆಯ ವಿಷಯದಲ್ಲಿ ನಮ್ಮ ಹಿರಿಯರು ಇಷ್ಟು ಕಷ್ಟಪಡಲಿಲ್ಲ ಎಂದು ಕಾಣುತ್ತದೆ. ಅವರ ಅಳತೆಗೋಲು ಅವರ ಮೈಯಲ್ಲೇ ಇತ್ತು: ಗೇಣು, ಮೊಳ, ಮಾರು. ಹೂವಾಡಗಿತ್ತಿ ಇವತ್ತಿಗೂ ತನ್ನ ಮೊಳಕೈಯಲ್ಲೇ ಅಳೆಯುತ್ತಾಳೆ, ಕೈ ಗಿಡ್ಡ ಎಂದು ನಾವು ಗೊಣಗುತ್ತೇವೆ, ಅವಳು ಅರ್ಧ ಗೇಣು ಸೇರಿಸಿ ಕೊಡುತ್ತಾಳೆ. ಆಮೇಲೆ ಸರಪಳಿ ಬಂತು. ಮೂವತ್ತಮೂರು ಅಡಿಯ ಚೌಕ ಒಂದು ಗುಂಟೆ, ಗುಂಟೆಗೆ ಹದಿನಾರು ಆಣೆ. ಸರಪಳಿಗೆ ಗೊಣಗಿದರೆ ಅದು ಅರ್ಧ ಗೇಣು ಸೇರಿಸುವುದಿಲ್ಲ.

ಅಷ್ಟಾದರೂ ಕಾಗದದಲ್ಲಿ ಮನುಷ್ಯರಿಗೆ ಇನ್ನೂ ಒಂದು ಜಾಗ ಉಳಿದಿದೆ. ಅದಕ್ಕೆ ಚಕ್ಕುಬಂದಿ ಎನ್ನುತ್ತಾರೆ. ನಿಮ್ಮ ಮನೆ ಎಲ್ಲಿದೆ ಎಂದು ಹೇಳಲು ನಾಲ್ಕು ದಿಕ್ಕಿಗೆ ಯಾರಿದ್ದಾರೆ ಎಂದು ಬರೆಯುವುದು. ಚೌಡಪ್ಪನ ಅಪ್ಪನ ಕಾಲದ ಕ್ರಯಪತ್ರದಲ್ಲಿ ಪಶ್ಚಿಮಕ್ಕೆ ಒಬ್ಬ ಮುನಿಶಾಮಪ್ಪ, ಉತ್ತರಕ್ಕೆ ಹುಣಸೇಮರ, ದಕ್ಷಿಣಕ್ಕೆ ಬೀದಿ, ಪೂರ್ವಕ್ಕೆ ಗಂಗಪ್ಪನ ಮನೆ. ಮುನಿಶಾಮಪ್ಪನೂ ಇಲ್ಲ, ಮರವೂ ಇಲ್ಲ, ಗಂಗಪ್ಪನೂ ಇಲ್ಲ. ಗಂಗಪ್ಪನ ಹೆಂಡತಿ ನಾರಾಯಣಮ್ಮ ಇದ್ದಾರೆ, ಎಪ್ಪತ್ತೈದು ದಾಟಿದೆ. ನಮ್ಮ ಒಂದೂವರೆ ಅಡಿ ಇದ್ದದ್ದು ಅವರ ಬಚ್ಚಲಿನಲ್ಲಿ. ಚೌಡಪ್ಪನ ಮನೆಯ ಪೂರ್ವದ ಗೋಡೆಗೆ ಅಂಟಿಕೊಂಡೇ ಅವರ ಬಚ್ಚಲು, ಸೌದೆ ಗೂಡು, ಒಗೆಯುವ ಕಲ್ಲು ಎಲ್ಲವೂ ಇದ್ದವು. ಮುಂಭಾಗದಿಂದ ಏನೂ ಕಾಣುತ್ತಿರಲಿಲ್ಲ.

ಬ್ಯಾಂಕಿನವರ ಭಾಷೆಯಲ್ಲಿ ಅದರ ಹೆಸರು ಒತ್ತುವರಿ. ಒಂದೋ ತೆರವು ಮಾಡಿಸಿ, ಇಲ್ಲವೇ ನೆಲದ ಮೇಲೆ ಎಷ್ಟಿದೆಯೋ ಅಷ್ಟಕ್ಕೇ ಕಾಗದ ಮಾಡಿಸಿ, ಆಗ ಸಾಲವೂ ಕಡಿಮೆಯಾಗುತ್ತದೆ ಎಂದರು. ನನಗೆ ಸಿಟ್ಟು ಬಂತು. ಚೌಡಪ್ಪನ ಮೇಲೆ ಬರಬೇಕಿತ್ತು, ನನ್ನ ಟೇಪಿನ ಮೇಲೆ ಬರಬೇಕಿತ್ತು. ಬಂದದ್ದು ಮಾತ್ರ ಆ ಮುದುಕಿಯ ಮೇಲೆ. ಒಂಬತ್ತು ಮನೆ ಅಲೆದು ಬಂದವಳಿಗೆ ಸಿಕ್ಕ ಮೂವತ್ತು ಅಡಿಯಲ್ಲಿ ಇವರು ಯಾಕೆ ಸ್ನಾನ ಮಾಡುತ್ತಿದ್ದಾರೆ ಎಂದು ನಿಜವಾಗಿಯೂ ಅನ್ನಿಸಿತು. ಚೌಡಪ್ಪನನ್ನು ಕೇಳಿದರೆ, "ನೀವೇ ಒಂದ್ಮಾತು ಹೇಳಿ ಮೇಡಂ, ಬ್ಯಾಂಕಿನೋರು ಹೇಳವ್ರೆ ಅಂತ. ನಂಗೆ ಬಾಯಿ ಬರಲ್ಲ" ಎಂದು ಜಾರಿಕೊಂಡರು.

ಆ ವಾಕ್ಯವನ್ನೇ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಒಂದು ಸಂಜೆ ಹೋದೆ. ಬ್ಯಾಂಕಿನವರು ಹೇಳಿದ್ದಾರೆ. ಒಳ್ಳೆಯ ವಾಕ್ಯ, ಹೇಳುವವರ ಮೇಲೆ ಏನೂ ಬರುವುದಿಲ್ಲ. ನಾರಾಯಣಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ಟೇಪು ಹಿಡ್ಕೊಂಡು ಓಡಾಡ್ತಿದ್ರಲ್ಲ, ಆವತ್ತೇ ಅಂದ್ಕೊಂಡೆ ಟೀಚರಮ್ಮ, ಬಚ್ಚಲು ಹೋಯ್ತು ಅಂತ" ಎಂದು ಮೊರವನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದರು. "ನಾನು ಸೊಸೆಯಾಗಿ ಬಂದಾಗ ನಮ್ಗೆ ಬಚ್ಚಲು ಇರ್ಲಿಲ್ಲ. ನಾನೂ ನಮ್ಮತ್ತೇನೂ ನಾಕು ಗಂಟೇಗೇ ಎದ್ದು, ಹಿತ್ಲಲ್ಲಿ ಸೀರೆ ಅಡ್ಡ ಕಟ್ಕೊಂಡು, ಬೀದಿ ಏಳೋಕ್ ಮುಂಚೆ ನೀರು ಹುಯ್ಕೋಬೇಕು. ಈ ಚೌಡಪ್ಪನ ಅಪ್ಪ, ಪೆದ್ದಾಯನ ಅಂತಿದ್ವಿ ಆ ಹಿರೀ ಮನುಷ್ಯನ್ನ, ಅದು ಗೊತ್ತಾದ್ಮೇಲೆ ಮಾರನೇ ದಿನ ಮೇಸ್ತ್ರೀನ ಕರ್ಕೊಂಡು ಬಂದ. ನನ್ ಕಡೆಯಿಂದ ಒಂದೂವರೆ ಅಡಿ ತಗೊಳ್ಳಮ್ಮ, ನನ್ ಗೋಡೆಗೇ ಸೇರ್ಸಿ ಎತ್ಕೋ ಅಂದ. ಕಾಗ್ದ ಗೀಗ್ದ ಏನಿಲ್ಲ."

ನಾನು ಅವರೆಕಾಯಿ ಕೈಗೆ ತೆಗೆದುಕೊಂಡೆ. ಏನಾದರೂ ಮಾಡಬೇಕಿತ್ತಲ್ಲ.

"ಒಡೀಬೇಕಂದ್ರೆ ಒಡೀರಿ, ನಾನು ಜಗಳಕ್ಕೆ ಬರೋಳಲ್ಲ" ಎಂದರು. "ಸಂಕ್ರಾಂತಿ ಒಂದು ಆಗ್ಲಿ. ಈಗ ಚಳಿ ಜಾಸ್ತಿ, ಹೊರ್ಗಡೆ ಹುಯ್ಕೊಳ್ಳೋಕೆ ಆಗಲ್ಲ ನಂಗೆ."

ಬ್ಯಾಂಕಿನವರು ಹೇಳಿದ್ದಾರೆ ಎಂಬ ವಾಕ್ಯ ನನ್ನ ಬಾಯಲ್ಲೇ ಉಳಿಯಿತು. ಬಕೆಟ್ಟು ಹಿಡಿದು ನಿಂತಿದ್ದ ಆ ಶ್ರೀನಿವಾಸಪುರದ ಸಾಲು ಕಣ್ಣ ಮುಂದೆ ಬಂತು. ಅಲ್ಲಿ ಒಳಗಿದ್ದವರು ತಡ ಮಾಡಿದಾಗ ನಾನು ಎಷ್ಟು ಶಾಪ ಹಾಕಿದ್ದೆನೋ, ಆದರೆ ಬಾಗಿಲಾದರೂ ಇತ್ತು. ಅರ್ಧ ಗಂಟೆ ಅವರೆಕಾಯಿ ಸುಲಿದು, ಒಂದು ಲೋಟ ಕಾಳು ಸೆರಗಿನಲ್ಲಿ ಕಟ್ಟಿಸಿಕೊಂಡು ಎದ್ದು ಬಂದೆ. ನಮ್ಮವರು ಕಾಳು ನೋಡಿದರು, ನನ್ನ ಮುಖ ನೋಡಿದರು. "ನಿನ್ನ ಕಳಿಸಿದ್ರೆ ಹಿಂಗೇ ಆಗುತ್ತೆ ಅಂತ ಗೊತ್ತಿತ್ತು" ಎಂದರು. ಅದರಲ್ಲಿ ಬೇಸರವಿತ್ತೋ ಸಮಾಧಾನವಿತ್ತೋ ಇವತ್ತಿಗೂ ಹೇಳಲಾರೆ.

ಇದನ್ನು ದೊಡ್ಡ ಮನಸ್ಸು ಎಂದು ತಿಳಿಯಬೇಡಿ. ಅರ್ಧ ಮನಸ್ಸು, ಅರ್ಧ ಸುಸ್ತು. ಒಬ್ಬರ ಬಚ್ಚಲು ಒಡೆಸಿ ಆ ಗೋಡೆಯ ಪಕ್ಕದಲ್ಲೇ ಇಪ್ಪತ್ತೈದು ವರ್ಷ ಮಲಗುವುದು ಇನ್ನೂ ದೊಡ್ಡ ದಣಿವು ಎಂದು ಅನ್ನಿಸಿತು. ಇದ್ದಷ್ಟಕ್ಕೇ ಕಾಗದ ಮಾಡಿಸೋಣ, ಆ ತುಂಡನ್ನು ನಾರಾಯಣಮ್ಮನ ಹೆಸರಿಗೆ ಬರೆದುಕೊಡಿ ಎಂದು ಚೌಡಪ್ಪನಿಗೆ ಹೇಳಿದೆವು. ಅವರು, "ನಮ್ಮಪ್ಪನ ಮಾತು ನಾನು ಮುರೀಬಾರ್ದು ಅಂತಿತ್ತು ಮೇಡಂ. ಬ್ಯಾಂಕಿನೋರು ಮುರಿದ್ರೆ ನಂದೇನಿಲ್ಲ ಅಂದ್ಕೊಂಡಿದ್ದೆ" ಎಂದರು. ನಾನೂ ಅದನ್ನೇ ಅಂದುಕೊಂಡಿದ್ದೆ ಎಂದು ಅವರಿಗೆ ಹೇಳಲಿಲ್ಲ. ಸಾಲ ಕಡಿಮೆಯಾದದ್ದಕ್ಕೆ ಅವರೂ ಬೆಲೆಯಲ್ಲಿ ಸ್ವಲ್ಪ ಇಳಿದರು, ನನ್ನ ಎರಡು ಚಿನ್ನದ ಬಳೆಯೂ ಇಳಿದವು. ಖಾತೆ ತಿದ್ದಿಸಲು ಎಷ್ಟು ಸಲ ಅಲೆದೆವು ಎಂದು ಹೇಳಿ ನಿಮ್ಮನ್ನೂ ದಣಿಸುವುದಿಲ್ಲ.

ಎರಡು ಕಾಗದವೂ ಒಂದೇ ದಿನ ನೋಂದಣಿಯಾದವು. ನಾರಾಯಣಮ್ಮ ಹಬ್ಬದ ಸೀರೆ ಉಟ್ಟು ಬಂದಿದ್ದರು. ಮನೆ ಗಂಡನ ಹೆಸರಿನಲ್ಲೇ ಉಳಿದಿದ್ದರಿಂದ, ಅವರ ಹೆಸರಿನಲ್ಲಿ ಆದ ಮೊದಲ ಆಸ್ತಿ ಆ ಬಚ್ಚಲು. ಹೆಬ್ಬೆಟ್ಟು ಒತ್ತಿ, ಫೋಟೋಕ್ಕೆ ನೆಟ್ಟಗೆ ಕೂತು, ಹೊರಗೆ ಬಂದ ಮೇಲೆ ಕಾಗದವನ್ನು ನನ್ನ ಕೈಗೆ ಕೊಟ್ಟು ಓದಿ ಎಂದರು. ನಾನು ಪಾಠ ಓದುವ ಹಾಗೆ ಓದಿದೆ. ಚಕ್ಕುಬಂದಿಯಲ್ಲಿ ನನ್ನದೇ ಹೆಸರು ಬಂತು: ಪಶ್ಚಿಮಕ್ಕೆ, ಸುಜಾತ ಎಂಬುವರ ಮನೆ. ಒಂಬತ್ತು ಮನೆಯಲ್ಲಿ ಬಾಳಿದ್ದೇನೆ, ಯಾರ ಕಾಗದದಲ್ಲೂ ನಾನು ಯಾವ ದಿಕ್ಕೂ ಆಗಿರಲಿಲ್ಲ.

"ಪಶ್ಚಿಮ ಅಂದ್ರೆ ಪಡಮರ ಅಲ್ವಾ?" ಎಂದು ತೆಲುಗಿನಲ್ಲಿ ಖಚಿತ ಮಾಡಿಕೊಂಡು, "ಹಂಗಾದ್ರೆ ಇನ್ಮೇಲೆ ಸಾಯಂಕಾಲದ ಬಿಸ್ಲಿಗೆ ನೀನೇ ಅಡ್ಡ" ಎಂದರು ನಾರಾಯಣಮ್ಮ. ಅದೇ ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದದ್ದು.

ಈಗ ಸಂಕ್ರಾಂತಿ ಕಳೆದು ಬೇಸಿಗೆ ಬಂದಿದೆ. ನಮ್ಮ ಬೀದಿಗೆ ನಲ್ಲಿ ನೀರು ಯಾವ ದಿನ, ಯಾವ ಹೊತ್ತಿಗೆ ಬರುತ್ತದೆ ಎಂದು ಪುರಸಭೆಗೂ ಗೊತ್ತಿಲ್ಲ, ನಾರಾಯಣಮ್ಮನಿಗೆ ಗೊತ್ತು. ನೀರು ಬಂದ ಕೂಡಲೇ ಅವರು ಬಚ್ಚಲಿನೊಳಗಿಂದ ನಮ್ಮ ಮಲಗುವ ಕೋಣೆಯ ಗೋಡೆಗೆ ಚೊಂಬಿನಿಂದ ಮೂರು ಸಲ ಬಡಿಯುತ್ತಾರೆ. ನಾನು ಎದ್ದು ಬಿಂದಿಗೆ ಹಿಡಿಯುತ್ತೇನೆ. ಇಂಜಿನಿಯರು ಬೆಲೆ ಕಟ್ಟುವಾಗ ಇದನ್ನು ಬರೆದಿರಲಿಲ್ಲ, ಅವರನ್ನು ದೂರುವುದಿಲ್ಲ. ಹಳೇ ಕಾಗದದ ಗಡಿಯಂತೆ ಆ ಬಚ್ಚಲು ಒಂದೂವರೆ ಅಡಿ ಆಚೆಗಿದ್ದಿದ್ದರೆ ನನಗೂ ಕೇಳಿಸುತ್ತಿರಲಿಲ್ಲ.